ಬಲಕ್ಕೆ ಮಾತ್ರ ತಿರುಗುವ ಸವಾರಿ

ಮೂವತ್ತು ವರ್ಷ ಶಾಲೆಯ ಗಂಟೆ ಹೊಡೆದು ಹೊಡೆದು ಅವಳ ನಿಜವಾದ ಹೆಸರು ಅವಳಿಗೇ ಮರೆತುಹೋದಂತಿತ್ತು. ಮಕ್ಕಳಿಗೆ, ಮೇಷ್ಟರಿಗೆ, ಅಂಗಡಿಯವನಿಗೆ, ಎಲ್ಲರಿಗೂ ಅವಳು ಗಂಟೆಯಮ್ಮ. ವಯಸ್ಸು ಐವತ್ತೆಂಟು. ಎತ್ತರ ಹೇಳಿಕೊಳ್ಳುವಂಥದ್ದೇನಲ್ಲ, ಬಾಯಿ ಮಾತ್ರ ಗಂಟೆಗಿಂತ ಜೋರು.

ಆ ಬಾಯಿ ಮುಚ್ಚಿಸಬಲ್ಲವಳು ಒಬ್ಬಳೇ, ಅಕ್ಕ. ಚಿಕ್ಕಂದಿನಲ್ಲಿ ಅಕ್ಕ ಸೈಕಲ್ ತುಳಿಯುತ್ತಿದ್ದರೆ ಇವಳು ಕ್ಯಾರಿಯರ್ ಮೇಲೆ ಕೂತು "ನಿಧಾನ! ಗುಂಡಿ! ಎಮ್ಮೆ!" ಎಂದು ಬಡಬಡಿಸುತ್ತಿದ್ದಳು. "ಹಿಂದೆ ಕೂತವಳು ಸುಮ್ನೆ ಕೂರ್ಬೇಕು ಕಣೇ!" ಎಂದು ಅಕ್ಕ ಗದರುತ್ತಿದ್ದಳು. ಮದುವೆಯಾಗಿ ಏಳು ಕಿಲೋಮೀಟರ್ ಆಚೆಯ ಹಳ್ಳಿಗೆ ಹೋದ ಮೇಲೂ ಅಕ್ಕ ಸೈಕಲ್ ಬಿಡಲಿಲ್ಲ, ಭಾನುವಾರ ತಂಗಿಯ ಮನೆಗೆ ಬರುವುದನ್ನೂ ಬಿಡಲಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ತಂಗಿಯ ಮನೆ ಬಾಗಿಲಲ್ಲೇ ಅವಳ ಮಂಡಿ ಕೈಕೊಟ್ಟಿತು. ಹಾಲಿನ ವ್ಯಾನಿನಲ್ಲಿ ಮನೆ ಸೇರಿದವಳು ಮತ್ತೆ ಬರಲಿಲ್ಲ. ಸೈಕಲ್ ಇಲ್ಲೇ ಉಳಿಯಿತು.

ಆ ದಾರಿಗೆ ಬಸ್ಸಿಲ್ಲ. ಮಾತೆಲ್ಲ ಫೋನಿನಲ್ಲಿ. ಫೋನಿನಲ್ಲಿ ಜಗಳವಾಡಿದರೆ ಜಗಳಕ್ಕೆ ರುಚಿಯೇ ಇರುವುದಿಲ್ಲ. "ನಾನು ಬರೋ ಮಾತು ಬಿಡು, ನಿನಗಂತೂ ಬರೋಕಾಗಲ್ಲ. ಇಷ್ಟೇ ಇನ್ನು" ಎಂದು ಒಂದು ದಿನ ಅಕ್ಕ ಅಂದಾಗ ಅವಳ ದನಿ ತೀರ ಸಣ್ಣದಾಗಿತ್ತು. ಗಂಟೆಯಮ್ಮನಿಗೆ ಆ ಸಣ್ಣ ದನಿ ಸಹಿಸಲಾಗಲಿಲ್ಲ.

ಮಾರನೆಯ ದಿನದಿಂದಲೇ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಸೈಕಲ್ ಕಲಿಯುವ ಅಭ್ಯಾಸ ಶುರುವಾಯಿತು. ಅಕ್ಕ ಉದ್ದದವಳು, ಅವಳ ಸೈಕಲ್ಲೂ ಎತ್ತರ. ಹಾಗಾಗಿ ವರಾಂಡದ ಮೆಟ್ಟಿಲಿನಿಂದ ಹತ್ತುವುದು, ಮೈದಾನದ ನಡುವಿನ ಕಂಬವನ್ನು ಬಲಗಡೆ ಇಟ್ಟುಕೊಂಡು ಸುತ್ತುವುದು, ಮತ್ತೆ ಮೆಟ್ಟಿಲಿಗೇ ಬಂದು ಇಳಿಯುವುದು. ಎರಡು ತಿಂಗಳು ಬಲಕ್ಕೆ, ಬಲಕ್ಕೆ, ಬಲಕ್ಕೆ. ಎಡಕ್ಕೂ ತಿರುಗಬೇಕಾಗುತ್ತದೆ ಎಂಬುದು ಆ ಮಹಾತಾಯಿಯ ತಲೆಗೇ ಬರಲಿಲ್ಲ.

ಅದು ಹೊಳೆದದ್ದು ಭಾನುವಾರ ಬೆಳಿಗ್ಗೆ, ಅಕ್ಕನ ಮನೆಗೆಂದು ಹೊರಟು ಊರು ದಾಟಿದ ಮೇಲೆ. ಗುಂಡಿಯೊಂದನ್ನು ತಪ್ಪಿಸಲು ಹ್ಯಾಂಡಲನ್ನು ಎಡಕ್ಕೆ ಬೆರಳಷ್ಟು ಎಳೆದಳು, ಅಷ್ಟೇ. ಸೈಕಲ್ ಕುಡಿದವನ ಹಾಗೆ ತೂರಾಡಿತು. ಹೇಗೋ ಸಾವರಿಸಿಕೊಂಡಳು. ಕಾಲು ನೆಲಕ್ಕಿಟ್ಟರೆ ಕಥೆ ಮುಗಿಯಿತು, ಮತ್ತೆ ಹತ್ತಲು ಇಲ್ಲಿ ಮೆಟ್ಟಿಲೆಲ್ಲಿದೆ? ಅಕ್ಕನ ಓಣಿಯೋ, ದಾರಿಯ ಎಡಕ್ಕೇ ಇದೆ!

"ಓಣಿ ಬಂದಾಗ ನೋಡ್ಕೊಂಡರಾಯ್ತು" ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು.

ಮುಂದೆ ದಾರಿ ನೇರ, ಎರಡೂ ಕಡೆ ಹೊಲ. ಅವಸರವಿಲ್ಲದೆ ತುಳಿದಳು. ಗಾಳಿ ಸೆರಗಿನೊಳಗೆ ನುಗ್ಗಿ ಕಚಗುಳಿಯಿಟ್ಟಿತು. ಜೀವಮಾನವೆಲ್ಲ ಯಾರದೋ ಬೆನ್ನು ನೋಡುತ್ತಾ ಹೋದವಳು ಅವಳು, ಅಪ್ಪನದು, ಅಕ್ಕನದು, ಗಂಡನದು. ಇವತ್ತು ಮುಂದೆ ಬೆನ್ನೇ ಇಲ್ಲ, ಆಕಾಶ! ಖುಷಿ ತಡೆಯಲಾಗದೆ ಸೈಕಲ್ ಬೆಲ್ಲಿನಲ್ಲೇ ಕುರಿಮಂದೆಗೆ ಮೊದಲನೇ ಪೀರಿಯಡ್ಡಿನ ಗಂಟೆ ಹೊಡೆದಳು, ಬೇಲಿಯ ಮೇಲಿನ ಕಾಗೆಗಳಿಗೆ ಎರಡನೆಯದು. ಒಬ್ಬಳೇ ಕಿಸಕ್ಕನೆ ನಕ್ಕಳು, ನಕ್ಕದ್ದಕ್ಕೇ ಮತ್ತೆ ನಕ್ಕಳು.

ಓಣಿ ಬಂತು. ಗಂಟೆಯಮ್ಮ ಅದನ್ನು ನೋಡಿದಳು, ದಾಟಿಯೇ ಹೋದಳು.

ಹುಲ್ಲು ಕಟ್ಟುತ್ತಿದ್ದ ರೈತ ಕೂಗಿದ: "ಅಮ್ಮಾ, ನಿಮ್ಮಕ್ಕನ ಓಣಿ ಹಿಂದೆ ಉಳೀತು!"

"ಗೊತ್ತಪ್ಪಾ, ಅಲ್ಲಿಗೇ ಹೋಗ್ತಿದ್ದೀನಿ!"

ಸ್ವಲ್ಪ ಮುಂದೆ ಸೂರ್ಯಕಾಂತಿ ಹೊಲದ ಬದಿಯ ಗಾಡಿದಾರಿಗೆ ಬಲಕ್ಕೆ ತಿರುಗಿದಳು. ಹೊಲದ ಮೂಲೆಯಲ್ಲಿ ಮತ್ತೆ ಬಲಕ್ಕೆ. ಇನ್ನೊಂದು ಮೂಲೆಯಲ್ಲಿ ಇನ್ನೊಮ್ಮೆ ಬಲಕ್ಕೆ. ಈಗ ಓಣಿ ಮೂಗಿನ ನೇರಕ್ಕೇ ಇತ್ತು! ರಸ್ತೆ ಅಡ್ಡದಾಟಿ ಸೀದಾ ಒಳಗೆ ನುಗ್ಗಿದಳು. ರೈತ ಕೈಯಲ್ಲಿದ್ದ ಹುಲ್ಲು ಬಿಟ್ಟು ತಲೆ ಕೆರೆದುಕೊಂಡ.

ಅಕ್ಕನ ಅಂಗಳದ ನಡುವೆ ಬಾವಿ. ಅದನ್ನೇ ಬಲಕ್ಕೆ ಸುತ್ತುತ್ತಾ ಶಾಲೆ ಬಿಡುವ ಉದ್ದನೆಯ ಗಂಟೆ ಹೊಡೆದಳು. ಕೋಲೂರಿಕೊಂಡು ಜಗಲಿಗೆ ಬಂದ ಅಕ್ಕ ಬಿಟ್ಟ ಬಾಯಿ ಬಿಟ್ಟಂತೆ ನಿಂತಳು.

"ಅಯ್ಯೋ! ನೀನೇನೇ? ಒಬ್ಬಳೇ ಬಂದ್ಯಾ?"

"ಇನ್ಯಾರು ತಳ್ಕೊಂಡು ಬರ್ತಾರೆ?" ಎಂದವಳೇ ಸೈಕಲ್ಲನ್ನು ಜಗಲಿಗೆ ಒರಗಿಸಿ ಕಾಲೂರಿದಳು. ಅಕ್ಕ ಅವಳ ಬೆವರಿದ ಕೆನ್ನೆ ಸವರಿದಳು. ನಗುತ್ತಲೇ ಅವಳ ಕಣ್ಣು ತುಂಬಿತು.

"ಅಳೋದು ಆಮೇಲೆ. ಹತ್ತು" ಎಂದಳು ತಂಗಿ, ಕ್ಯಾರಿಯರ್ ತಟ್ಟುತ್ತಾ.

ಅಕ್ಕ ಕೋಲನ್ನು ಜಗಲಿಯ ಮೇಲೆಸೆದು ಕೂತಳು. ಸೈಕಲ್ ನರಳುತ್ತಾ ಹೊರಟಿತು.

"ನಿಧಾನ ಕಣೇ! ಬಾವಿ! ಎಡಕ್ಕೆ, ಎಡಕ್ಕೆ ತಗೊಳ್ಳೇ!"

ಐವತ್ತು ವರ್ಷ ಕಾದಿಟ್ಟುಕೊಂಡ ಮಾತು ಗಂಟೆಯಮ್ಮನ ಬಾಯಿಂದ ಇಡೀ ಓಣಿಗೆ ಕೇಳುವಂತೆ ಹೊರಬಿತ್ತು:

"ಹಿಂದೆ ಕೂತವಳು ಸುಮ್ನೆ ಕೂರ್ಬೇಕು ಕಣಕ್ಕಾ!"