ಬಿಳಿ ಗೋಡೆಯ ಮುಂದಿನ ಕಪ್ಪು ಮುಖಗಳು

ಬೆಳಿಗ್ಗೆ ಆರೂವರೆ. ಶಾಲೆಯ ಸಭಾಂಗಣದಲ್ಲಿ ಕಸ ಗುಡಿಸುವ ಆಯಾ ಬಿಟ್ಟರೆ ಇರುವುದು ಫೋಟೊ ತೆಗೆಯಲು ಬಂದ ಈಕೆಯೊಬ್ಬರೇ. ಬೆಂಚುಗಳನ್ನು ಗೋಡೆಯಿಂದ ಆರಡಿ ಮುಂದಕ್ಕೆ ಎಳೆಯುತ್ತಾರೆ. ಸ್ಟ್ಯಾಂಡಿಗೆ ಫ್ಲ್ಯಾಷ್ ಸಿಕ್ಕಿಸಿ, ಅದರ ಬೆಳಕು ಹರಡುವ ಬಿಳಿ ಕೊಡೆ ಬಿಚ್ಚುತ್ತಾರೆ. ಆಯಾಳನ್ನೇ ಬೆಂಚಿನ ಮೇಲೆ ನಿಲ್ಲಿಸಿ ಒಂದು ಫೋಟೊ ಹೊಡೆದು, ನೋಡಿ ಮುಖ ಸಿಂಡರಿಸುತ್ತಾರೆ. "ಕದಲಬೇಡ ಕಣಮ್ಮ, ನಿನ್ನ ಕಣ್ಣು ಇನ್ನೂ ಸಿಕ್ಕಿಲ್ಲ."

ಮಕ್ಕಳ ಬಾಯಲ್ಲಿ ಈಕೆ ಫ್ಲ್ಯಾಷ್ ಅಕ್ಕ. ಹದಿನಾರು ವರ್ಷದಿಂದ ಶಾಲೆಗಳ ಗುಂಪು ಫೋಟೊ ತೆಗೆಯುತ್ತಿದ್ದಾರೆ; ವರ್ಷಕ್ಕೆ ನಲವತ್ತು ಶಾಲೆ, ದಿನಕ್ಕೆ ಹನ್ನೆರಡು ತರಗತಿ. ಫೋಟೊದ ಕೆಳಗೆ ಅಚ್ಚಾಗುವುದು ಮಾತ್ರ ಸ್ಟುಡಿಯೋ ಮಾಲೀಕನ ಹೆಸರು. ಅದಕ್ಕೆ ಅಕ್ಕ ತಲೆ ಕೆಡಿಸಿಕೊಂಡಿಲ್ಲ. ಅವರ ಸಿಟ್ಟು ಬೇರೆಯದು, ಇನ್ನೂ ಆರಿಲ್ಲ.

ಮೊದಲು ಅದೇ ಸ್ಟುಡಿಯೋದಲ್ಲಿ ಫೋಟೊಗಳಿಗೆ ಕಟ್ಟು ಹಾಕುತ್ತಿದ್ದರು. ಒಂದು ದಿನ ಒಂದನೇ ತರಗತಿಯ ಮಗಳು ಗುಂಪು ಫೋಟೊ ತಂದು, "ಅಮ್ಮ, ನಾನೆಲ್ಲಿದ್ದೀನಿ?" ಅಂದಳು. ಅವಳು ನಿಂತಿದ್ದ ಜಾಗದಲ್ಲಿ ಒಂದು ಕಪ್ಪು ಮಚ್ಚೆ, ಎರಡು ಹಲ್ಲು. ತೆಗೆದಿದ್ದ ಮಾಲೀಕನನ್ನು ಕೇಳಿದರೆ, "ಮಗು ಕಪ್ಪಿದ್ರೆ ಕ್ಯಾಮೆರಾ ಏನಮ್ಮ ಮಾಡುತ್ತೆ?" ಅಂದುಬಿಟ್ಟ. ಎಂಥ ಮಾತು! ತಪ್ಪೆಲ್ಲ ಆತನ ಸೋಮಾರಿತನದ್ದು. ಫ್ಲ್ಯಾಷನ್ನು ಆಟೊ ಮೋಡ್‌ಗೆ ಬಿಟ್ಟರೆ ಅದು ಬಿಳಿ ಗೋಡೆ, ಬಿಳಿ ಅಂಗಿ ನೋಡಿ ಬೆಳಕು ಧಾರಾಳವಾಯಿತೆಂದು ಕೈ ಬಿಗಿ ಹಿಡಿಯುತ್ತದೆ. ಗೋಡೆ ಚೆನ್ನಾಗಿ ಬಂದರೆ ಸಾಕು, ಮಗು ಹಾಳಾಗಿ ಹೋಗಲಿ!

ಊಟದ ಬಿಡುವಿನಲ್ಲಿ ಅಕ್ಕ ಕಿಟಕಿ ಪಕ್ಕ ಕಪ್ಪು ಬಾಣಲೆ, ಬಿಳಿ ತಟ್ಟೆ ಇಟ್ಟು ಫೋಟೊ ತೆಗೆಯುತ್ತ ಕಲಿಯತೊಡಗಿದರು. "ಕಿಟಕಿ ಬೆಳಕನ್ನ ಶಟರ್ ವೇಗದಲ್ಲಿ ತಿದ್ದಬೇಕು. ಫ್ಲ್ಯಾಷ್ ಬೆಳಕನ್ನ ಅದರ ಪವರ್‌ನಲ್ಲಿ, ಲೆನ್ಸ್ ಎಷ್ಟು ತೆರೀತೀವಿ ಅನ್ನೋದ್ರಲ್ಲಿ. ಇಷ್ಟು ಅರ್ಥ ಆಗೋಕೆ ಎಂಟು ತಿಂಗಳು ಹಿಡೀತು. ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿದ್ರೆ ಒಂದು ವಾರದ ಕೆಲಸ."

ಮಾಲೀಕ ಫೋಟೊ ತೆಗೆಯಲು ಕಳಿಸಿದ ಮೊದಲ ಶಾಲೆಯಲ್ಲೇ ಎಡವಿದರು. ಬಿಸಿಲು ಜಾಸ್ತಿಯೆಂದು ಶಟರ್ ವೇಗವನ್ನು ಸೆಕೆಂಡಿನ ಇನ್ನೂರನೇ ಒಂದು ಭಾಗ ದಾಟಿಸಿದರು. ಅಷ್ಟು ವೇಗದಲ್ಲಿ ಫ್ಲ್ಯಾಷ್ ಮಿಂಚುವಾಗ ಕ್ಯಾಮೆರಾದೊಳಗಿನ ಪರದೆ ಪೂರ್ತಿ ತೆರೆದಿರುವುದಿಲ್ಲ. ನೆಲದ ಮೇಲೆ ಕೂತಿದ್ದ ಒಂಬತ್ತು ಮಕ್ಕಳ ಮೇಲೆ ಕರಿ ಪಟ್ಟಿ ಬಿತ್ತು. "ಯಾವುದಕ್ಕೆ ಬೈದಿದ್ನೋ ಅದನ್ನೇ ಮಾಡಿ ಕೂತಿದ್ದೆ. ಮಾರನೇ ದಿನ ಹೋಗಿ, ತಪ್ಪಾಯ್ತು ಮಕ್ಕಳೇ ಅಂತ ಹೇಳಿ ಮತ್ತೆ ತೆಗೆದೆ."

ಇಂದು ಎಂಟಕ್ಕೆ ಮಕ್ಕಳು ಸಭಾಂಗಣಕ್ಕೆ ಬಂದು ನಿಲ್ಲುತ್ತಾರೆ. ಹೆಡ್‌ಮಾಸ್ಟರು ಕಪ್ಪಗಿನ ಹುಡುಗಿಯೊಬ್ಬಳನ್ನು ಹಿಂದಿನ ಸಾಲಿನ ತುದಿಗೆ ಸರಿಸುತ್ತಾರೆ. "ಬೇಗ ಮುಗಿಸಿಮ್ಮ, ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳ್ಳಗೆ ಮಾಡಿದ್ರಾಯ್ತು."

ಅಕ್ಕ ಕ್ಯಾಮೆರಾ ಕೆಳಗಿಡುತ್ತಾರೆ. "ಬೆಳ್ಳಗೆ ಮಾಡೋಕೆ ಅವಳಿಗೇನು ಕೊಳೆ ಮೆತ್ತಿದೆಯಾ ಸಾರ್?"

ಹೆಡ್‌ಮಾಸ್ಟರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಅಕ್ಕ ಹುಡುಗಿಯ ಕೈ ಹಿಡಿದು ನಡುಸಾಲಿಗೆ ತರುತ್ತಾರೆ, ಫ್ಲ್ಯಾಷನ್ನು ಆ ಕಡೆಗೆ ಜರುಗಿಸುತ್ತಾರೆ. ಮೊದಲ ಫೋಟೊಗೆ ಬೆಳಕು ಹೊಂದಿಸುವುದು ಅವಳ ಮುಖ ನೋಡಿಯೇ. ಎರಡು ಸಲ ತಿದ್ದಿ, ಮೂರನೆಯದನ್ನು ಅವಳಿಗೇ ತೋರಿಸುತ್ತಾರೆ. ಹುಡುಗಿ ನೇರವಾಗಿ ತನ್ನ ಮುಖದ ಮೇಲೆ ಬೆರಳಿಡುತ್ತಾಳೆ. "ಅಕ್ಕ, ನನ್ನ ಗಲ್ಲದ ಗುಳಿನೂ ಬಂದಿದೆ."

ಹೊರಡುವಾಗ, ಫೋಟೊದ ಕೆಳಗೆ ನಿಮ್ಮ ಹೆಸರು ಹಾಕುವುದಿಲ್ಲವೆಂಬ ಬೇಸರವಿಲ್ಲವೇ ಎಂದು ಕೇಳಿದರೆ ಅಕ್ಕ ಕೊಡೆ ಮಡಿಸುತ್ತ ಹೇಳುತ್ತಾರೆ: "ಹೆಸರು ಮಾಲೀಕರದೇ ಇರ್ಲಿ ಬಿಡಿ. ಆ ಒಂಬತ್ತು ಮಕ್ಕಳನ್ನ ಬಿಟ್ರೆ, ನನ್ನ ಫೋಟೊದಲ್ಲಿ ಯಾವ ಮಗೂನೂ ತನ್ನನ್ನ ತಾನು ಹುಡುಕೋ ಹಾಗಾಗಿಲ್ಲ."