ತುಫೂಲ್ ಖಾಲಾಳ ಸಿಹಿನೀರಿನ ಪೀಪಾಯಿ

ಒಮಾನಿನ ಮಸೀರಾ ದ್ವೀಪದ ದಂಡೆಯಲ್ಲಿ ಬೆಳಕು ಇನ್ನೂ ನಿದ್ದೆಗಣ್ಣಿನಲ್ಲಿದೆ. ಮಂಜಿನೊಳಗಿಂದ ದೋಣಿಗಳು ಒಂದೊಂದಾಗಿ ಮೂಡುತ್ತಿವೆ. ಮೊದಲು ಸದ್ದು, ಆಮೇಲೆ ನೆರಳು, ಕೊನೆಗೆ ಅಂಜಲ್ ಮೀನಿನ ವಾಸನೆ. ದೋಣಿಯ ಹಿಂಬದಿಯಿಂದ ಬಿಚ್ಚಿದ ಎಂಜಿನ್ನನ್ನು ಇಬ್ಬರು ಹೊತ್ತು ತಂದು ಸಿಹಿನೀರಿನ ಪೀಪಾಯಿಯ ಅಂಚಿಗೆ ಸಿಕ್ಕಿಸುತ್ತಾರೆ. ಹಗ್ಗ ಎಳೆದದ್ದೇ ತಡ, ಅದು ನೀರಿನಲ್ಲಿ ಗುರುಗುಟ್ಟುತ್ತದೆ, ಪಕ್ಕೆಯ ತೂತಿನಿಂದ ಸಣ್ಣ ಧಾರೆ ಚಿಮ್ಮುತ್ತದೆ. ದಂಡೆಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅರುವತ್ತೊಂದರ ತುಫೂಲ್ ಬಿಂತ್ ಮರ್ಹೂನ್ ಆ ಧಾರೆಗೆ ಅಂಗೈ ಒಡ್ಡಿ ಕಣ್ಣು ಮುಚ್ಚುತ್ತಾರೆ.

"ತಣ್ಣಗಿದ್ರೆ ನೀರು ಎಂಜಿನ್ನಿನ ಹೊಸಿಲಲ್ಲೇ ನಿಂತು ಮಾತಾಡಿ ವಾಪಸ್ ಬಂದಿದೆ ಅಂತ ಅರ್ಥ. ಬೆಚ್ಚಗಾದ್ರೆ ಮನೆಯೊಳಗೆಲ್ಲಾ ಓಡಾಡಿದೆ. ಆಮೇಲೆ ಹತ್ತು ನಿಮಿಷ ಬಿಡ್ಬೇಕು. ಈ ಗಂಡಸರಿಗೆ ಆ ಹತ್ತು ನಿಮಿಷ ಇರಲ್ಲ ನೋಡಿ."

ಇಪ್ಪತ್ತೆರಡು ವರ್ಷದ ಹಿಂದೆ ಪತಿ ಜುಮಾ ಅವರ ಎಂಜಿನ್ ನಡುಗಡಲಲ್ಲಿ ಕಾದು ಕೈಕೊಟ್ಟಿತು. ಎರಡು ದಿನ ತೇಲಿ ಮನೆ ಸೇರಿದರು. ತುಫೂಲ್ ಎಂಜಿನ್ ಬಿಚ್ಚಿ ನೋಡಿದರೆ, ನೀರು ಹರಿಯುವ ಸಣ್ಣ ದಾರಿಗಳಲ್ಲೆಲ್ಲ ಉಪ್ಪು ಸುಣ್ಣದ ಹಾಗೆ ಗಟ್ಟಿ ಕೂತಿದೆ. "ಇವ್ರನ್ನ ಬೈಯೋ ಬದಲು ಎಂಜಿನ್ ತೊಳೆದೆ. ಬೈದೂ ಬೈದೆ, ಬಿಡಿ."

ಅಂದಿನಿಂದ ದಂಡೆಯವರದ್ದೂ ಸೇರಿ ದಿನಕ್ಕೆ ಹದಿನಾಲ್ಕು ಎಂಜಿನ್, ಟ್ಯಾಂಕರಿನ ಏಳು ಪೀಪಾಯಿ ನೀರು. ಎರಡು ಎಂಜಿನ್ನಿಗೊಮ್ಮೆ ನೀರು ಬದಲು. ಕೊನೆಗೆ ಧಾರೆಯ ಹನಿಯನ್ನು ನಾಲಿಗೆಗೆ ಮುಟ್ಟಿಸಿ "ಸಿಹಿ" ಎಂದರೆ ಮುಗಿಯಿತು, ದಂಡೆಯವರು ಮರುಮಾತಿಲ್ಲದೆ ನಂಬುತ್ತಿದ್ದರು.

ಕಳೆದ ಚಳಿಗಾಲದ ಜ್ವರ ಆ ನಾಲಿಗೆಯ ರುಚಿಯನ್ನೇ ಒಯ್ದಿತು. ಮೊದಲು ಗೊತ್ತಾದದ್ದು ಜುಮಾ ಅವರಿಗೆ. "ಮೀನು ಸಾರಿನ ಬದಲು ಸಮುದ್ರಾನೇ ಬಡಿಸಿದ್ಲು. ಕೇಳಿದ್ರೆ, ಸಪ್ಪೆ ಆಯ್ತಾ ಅಂತಾಳೆ!"

ಮುಚ್ಚಿಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತುಫೂಲ್ ಮರುದಿನವೇ ದಂಡೆಗೆ ಬಂದು, "ನಾಲಿಗೆ ಸತ್ತಿದೆ, ಇನ್ಮೇಲೆ ಅದನ್ನ ನಂಬಬೇಡಿ" ಎಂದುಬಿಟ್ಟರು. ಹದಿನಾಲ್ಕಿದ್ದ ಎಂಜಿನ್ ಐದಕ್ಕಿಳಿಯಿತು. ಕೆಲಸ ಪೂರ್ತಿ ಕೈತಪ್ಪುವುದೊಂದು ಬಾಕಿ.

ಆಗ ಹೊಳೆದದ್ದು ರೊಟ್ಟಿಯ ಕಾವಲಿ. ಪೆಟ್ರೋಲ್ ಡಬ್ಬಿಗಳಿಂದ ನಲವತ್ತು ಹೆಜ್ಜೆ ದೂರದಲ್ಲಿ ಒಲೆ. ಕಾದ ಕಾವಲಿಯ ಮೇಲೆ ಟ್ಯಾಂಕರಿನ ನೀರು ಒಂದು ಹನಿ, ಪಕ್ಕದಲ್ಲಿ ಎಂಜಿನ್ನಿನ ನೀರು ಒಂದು ಹನಿ. ಎರಡೂ ಆರಿದ ಮೇಲೆ ಎಂಜಿನ್ನಿನ ಹನಿ ಬಿದ್ದಲ್ಲಿ ಬಿಳಿ ಉಂಗುರ ಉಳಿದರೆ, ಮತ್ತೆ ತೊಳೆಯಬೇಕು.

ಈ ಬೆಳಿಗ್ಗೆ ದೋಣಿಯ ಗುರೈಬ್ ತನ್ನ ಎಂಜಿನ್ನಿನೊಡನೆ ಬಂದಿದ್ದಾನೆ. ಖಾಲಾಳನ್ನು ಮೊದಲು ಬಿಟ್ಟವನೇ ಅವನು. ತಾನೇ ತೊಳೆಯುತ್ತೇನೆಂದು ಹೋಗಿ, ಧಾರೆ ಬೆಚ್ಚಗಾಗುವ ಮೊದಲೇ ಎಂಜಿನ್ ಆರಿಸುತ್ತಿದ್ದ. ಈಗ ಅದು ಕಾಯತೊಡಗಿದೆ, ನಾಳೆ ಅವನು ದೂರದ ಕಡಲಿಗೆ ಹೋಗಬೇಕು.

"ಬಾ ಮದುಮಗನೇ," ತುಫೂಲ್ ನಗುತ್ತಾರೆ. "ಎಂಜಿನ್ನಿಗೆ ತಣ್ಣೀರು ಸ್ನಾನ ಮಾಡ್ಸಿ ಕರ್ಕೊಂಡು ಬಂದ್ಯಾ?"

"ರೊಟ್ಟಿ ಕಾವಲಿಗೆ ಎಂಜಿನ್ ವಿಷ್ಯ ಏನು ಗೊತ್ತು ಖಾಲಾ?"

"ನಿನಗಿಂತ ಜಾಸ್ತಿ ಗೊತ್ತು. ಸುಮ್ನೆ ಹಗ್ಗ ಎಳಿ."

ಮೊದಲ ಹನಿ ದಪ್ಪ ಉಂಗುರ ಬಿಡುತ್ತದೆ. ನೀರು ಬದಲಾಗುತ್ತದೆ. ಎರಡನೆಯದು ತೆಳ್ಳಗೆ. ಮಂಜು ಕರಗಿ, ಕಡಲು ಹಾಲಿನ ಬಣ್ಣಕ್ಕೆ ತಿರುಗಿ, ಜನ ಒಬ್ಬೊಬ್ಬರಾಗಿ ಒಲೆಯ ಸುತ್ತ ಸೇರುತ್ತಾರೆ. ಐದನೆಯ ಹನಿ ಚುರ್ರೆಂದು ಹೊರಳಿ ಮಾಯವಾದ ಜಾಗದಲ್ಲಿ ಕಪ್ಪು ಕಬ್ಬಿಣ ಬಿಟ್ಟರೆ ಏನೂ ಇಲ್ಲ.

ಗುರೈಬನಿಗೆ ಆದರೂ ಸಮಾಧಾನವಿಲ್ಲ. ಹೋಗಿ ಧಾರೆಗೆ ಬೊಗಸೆಯೊಡ್ಡಿ ನಾಲಿಗೆಗೆ ತಾಗಿಸುತ್ತಾನೆ. ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ.

"ಹೇಗಿದೆ?" ತುಫೂಲ್ ಕೇಳುತ್ತಾರೆ.

"ಏನೂ ರುಚಿನೇ ಇಲ್ಲ ಖಾಲಾ."

"ನನಗೂ ಹಾಗೇ ಅನ್ನಿಸ್ತು ಮಗನೇ," ಎನ್ನುತ್ತಾ ಅವರು ಮುಂದಿನ ಎಂಜಿನ್ನಿಗೆ ಕೈ ಮಾಡುತ್ತಾರೆ.