ಕೊನೆಯಲ್ಲಿ ನಿಂತ ಕಾವಲು

ಆಫೀಸಿನಲ್ಲಿ ಅವಳಿಗೆ ‘ದ್ವಾರಪಾಲಕಿ’ ಎಂದೇ ಹೆಸರು. ಜೈಲಿನಲ್ಲಿರುವವರು ಮನೆಯವರೊಂದಿಗೆ ವಿಡಿಯೊದಲ್ಲಿ ಮಾತಾಡುವ ವ್ಯವಸ್ಥೆಗೆ ಇಂಟರ್‌ಸೆಪ್ಟರ್‌ಗಳನ್ನು ಬರೆಯುವುದು ಅವಳ ಕೆಲಸ. ಕರೆ ಜೋಡಿಸುವ ‘ಜಾವಾ ಬೀನ್’ ಎಂಬ ಪ್ರೋಗ್ರಾಮ್ ತುಣುಕಿನ ಮುಂದೆ ಸಾಲಾಗಿ ನಿಂತು, ಬಂದ ಕೋರಿಕೆಯನ್ನು ತಡೆದು ವಿಚಾರಿಸುವ ಕಾವಲುಗಾರರು ಇವು. ಮನೆಯ ಚಿಲಕ ಹಾಕುವುದನ್ನೇ ಮರೆಯುವವಳಿಗೆ ಎಂಥ ಬಿರುದು ಎಂದು ತಮ್ಮ ನಗುತ್ತಿದ್ದ. ಆಗ ಅವನಿನ್ನೂ ಹೊರಗಿದ್ದ.

ಹೋದ ತಿಂಗಳು ತುರ್ತು ಕರೆಗೆಂದೇ ಒಂದು ಕಾವಲು ಬರೆದಳು: ಮನೆಯಲ್ಲಿ ಯಾರಾದರೂ ಸಾಯುವ ಸ್ಥಿತಿಯಲ್ಲಿದ್ದರೆ, ವೈದ್ಯರ ಪತ್ರ ನೋಡಿ, ಹೊತ್ತುಗೊತ್ತು ಕೇಳದೆ ಒಳಗೆ ಬಿಡು. ಟೆಸ್ಟಿನಲ್ಲಿ ಅದು ಸಲೀಸಾಗಿ ಪಾಸಾಯಿತು. ಆಗದೆ ಏನು! ಅಲ್ಲಿ ಇದ್ದದ್ದು ಅದೊಂದೇ. ನಿಜವಾದ ಸರ್ವರ್‌ನಲ್ಲಿ ಸರದಿ ಬೇರೆ. ಇಡೀ ಅಪ್ಲಿಕೇಶನ್‌ಗೆ ಹೇಳಿದ ಸಾಮಾನ್ಯ ಕಾವಲುಗಳು ಮೊದಲು, ಅದರ ಒಂದು ಭಾಗವಾದ ಕ್ಲಾಸಿನವು ಆಮೇಲೆ, ಆ ಕ್ಲಾಸು ಮಾಡುವ ಒಂದೇ ಕೆಲಸಕ್ಕೆ, ಅಂದರೆ ಮೆಥಡ್‌ಗೆಂದು, ಬರೆದದ್ದು ಕಟ್ಟಕಡೆಗೆ. ಮುಂದಿನವನು ‘ಹೋಗು’ ಎನ್ನದಿದ್ದರೆ ಹಿಂದಿನವನಿಗೆ ಸುದ್ದಿಯೂ ಮುಟ್ಟದು. ಎಲ್ಲರಿಗಿಂತ ಮುಂದಿರುವವನು ಸಮಯ ನೋಡುವವನು; ಸಂಜೆಯಾಯಿತೆಂದರೆ ಯಾರಪ್ಪ ಬಂದರೂ ಬಿಡುವ ಪೈಕಿ ಅಲ್ಲ. ಅವಳ ತುರ್ತು ಕಾವಲು ಕೊನೆಯಲ್ಲಿ ಬೆಪ್ಪುತಕ್ಕಡಿಯ ಹಾಗೆ ನಿಂತಿತ್ತು.

ತಪ್ಪು ಗೊತ್ತಾದ ದಿನವೇ ಮ್ಯಾನೇಜರ್ ಹತ್ತಿರ ಓಡಿದಳು.

“ಸರ್, ಒಂದೇ ಸಾಲು. ಆ ಮೆಥಡ್‌ಗೆ ಸಾಮಾನ್ಯ ಕಾವಲು ಬೇಡ ಅಂತ ಹಾಕಿದ್ರಾಯ್ತು.”

“ಹಾಕಿದ್ರೆ ಗುರುತು ನೋಡೋದೂ ತಪ್ಪಿಹೋಗುತ್ತಲ್ಲಮ್ಮ? ಭದ್ರತೆಯವರು ಒಪ್ಪಬೇಕು. ಮುಂದಿನ ರಿಲೀಸ್‌ಗೆ ನೋಡೋಣ.”

ಅವರ ಮಾತೂ ಸರಿಯೇ. ಸರಿಯಾದ ಮಾತಿನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಆ ರಿಲೀಸ್ ಬರುವ ಮೊದಲೇ ಅವಳ ಅಮ್ಮನಿಗೆ ಉಸಿರಾಟ ಕಷ್ಟವಾಯಿತು. ಸಂಜೆ ವೈದ್ಯರು ಕೈಚೆಲ್ಲಿ, ಪತ್ರ ಬರೆದುಕೊಟ್ಟು ಹೋದರು. ಅವಳು ಜೈಲಿಗೆ ಫೋನ್ ಮಾಡಿದಳು. ಆ ಫೋನನ್ನು ಕೈದಿಯ ಕೈಗೆ ಕೊಡುವಂತಿಲ್ಲ. “ನಿಮ್ ತಮ್ಮನ್ನ ಕ್ಯಾಮೆರಾ ಮುಂದೆ ಕೂರಿಸಿದೀವಿ, ಕಂಪ್ಯೂಟರ್ ಬಿಟ್ರೆ ನಮ್ದೇನೂ ಅಡ್ಡಿ ಇಲ್ಲ” ಎಂದರು.

ಹಾಸಿಗೆಯ ಪಕ್ಕ ಕುಳಿತು ಕೋರಿಕೆ ಕಳಿಸಿದಳು. ಆಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಮನಸ್ಸು ಕೇಳಬೇಕಲ್ಲ.

‘ಭೇಟಿಯ ಸಮಯ ಮುಗಿದಿದೆ. ದಯವಿಟ್ಟು ನಾಳೆ ಪ್ರಯತ್ನಿಸಿ.’

ಆ ‘ದಯವಿಟ್ಟು’ ಸೇರಿಸಿದ್ದು ಅವಳೇ.

“ಸಿಕ್ಕಿದ್ನೇನೇ?” ಅಮ್ಮ ಕಣ್ಣು ತೆರೆಯದೆಯೇ ಕೇಳಿದಳು.

“ಕೂತಿದಾನಮ್ಮ, ಆ ಕಡೆ.”

“ನಿಂದೇ ಆಫೀಸಲ್ವೇನೇ? ಒಂದ್ಮಾತು ಹೇಳ್ಬಾರ್ದಾ?”

“ಹೇಳಿದೀನಮ್ಮ. ನನ್ನ ಕೇಳೋದು ಕೊನೇಲಿ.”

ಅಮ್ಮನಿಗೆ ಅದು ಅರ್ಥವಾಗಲಿಲ್ಲ. ಸರಿ ಎಂಬಂತೆ ಮಗಳ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಮಗಳು ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು, ಅಮ್ಮನ ಹಿಡಿತ ಸಡಿಲವಾಗುವವರೆಗೂ.

ಮರುದಿನ ಭೇಟಿಯ ಹೊತ್ತಿಗೆ ಕರೆ ಒಂದೇ ಸಲಕ್ಕೆ ಸಿಕ್ಕಿತು.

“ಅಮ್ಮನ್ನ ತೋರ್ಸಕ್ಕಾ” ಎಂದ ತಮ್ಮ.